ಶಾರದಮ್ಮನವರ ಹೋಸು, ಅಳಿಯನ ಕಾಫಿ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಆಗ ನಾನು ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಒಂದು ಆರ್‌ವಿ ರಿಪೇರಿ ಶೆಡ್ಡಿನಲ್ಲಿ ಸರ್ವಿಸ್ ಟೆಕ್ನಿಷಿಯನ್ ಆಗಿದ್ದೆ. ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಟಾಯ್ಲೆಟ್ ಎಲ್ಲ ಇರುವ ಗಾಲಿಯ ಮೇಲಿನ ಮನೆ. ಅದರ ಕೊಳೆನೀರಿನ ಟ್ಯಾಂಕಿಗೆ ದಪ್ಪ ಕೊಳವೆ, ಅಂದರೆ ಹೋಸು, ಜೋಡಿಸಿ, ನೆಲದ ಗುಂಡಿಗೆ ಆಗಾಗ ಖಾಲಿ ಮಾಡಲೇಬೇಕು. ಪ್ರವಾಸದ ಫೋಟೋಗಳಲ್ಲಿ ಈ ಭಾಗವನ್ನು ಯಾರೂ ತೋರಿಸುವುದಿಲ್ಲ.

ಹತ್ತಿರದ ಕ್ಯಾಂಪ್‌ಬೆಲ್‌ನ ಶಾರದಮ್ಮ ತಮ್ಮ ಆರ್‌ವಿ ತಂದದ್ದು ಆಗಲೇ. ಮೂಲತಃ ಹಾಸನದವರು, ವಯಸ್ಸು ಎಪ್ಪತ್ತರ ಹತ್ತಿರ. ಯಜಮಾನರು ಇದ್ದಾಗ ಇಬ್ಬರೂ ಸಮುದ್ರದ ದಂಡೆಯುದ್ದಕ್ಕೂ ಸುತ್ತಿದ್ದರು. ಡ್ರೈವಿಂಗು ಇವರದು, ಹೋಸು ಅವರದು. ಈಗ ಅವರಿಲ್ಲ, ಇವರ ಬೆರಳಿಗೆ ಸಂಧಿವಾತ. ಹೋಸಿನ ಬಾಯನ್ನು ತಿರುಗಿಸಿ ಬಿಗಿ ಮಾಡಲು ಬಲ ಸಾಲದು. ಗೆಳತಿಯರ ಜೊತೆ ಮತ್ತೆ ಹೊರಡುವ ಆಸೆ ಮಾತ್ರ ಇಂಗಿರಲಿಲ್ಲ. ತಾವೇ ಟ್ಯಾಂಕ್ ಖಾಲಿ ಮಾಡಲು ಆಗದಿದ್ದರೆ ಗಾಡಿ ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದನ್ನು ಕಲಿಯಲೆಂದೇ ನನ್ನ ಬಳಿ ಬಂದಿದ್ದರು.

ಜೊತೆಗೆ ಬಂದಿದ್ದ ಅಳಿಯ ಗಿರೀಶ್ ಮಂಡ್ಯದವರು, ಚಿನ್ನದಂಥ ಮನುಷ್ಯ. ತೊಂದರೆಯಾದದ್ದೂ ಅದರಿಂದಲೇ. ನಾನು ಶಾರದಮ್ಮನವರಿಗೆ ಉದ್ದ ಹಿಡಿಯ ಹೋಸ್ ರೆಂಚ್ ಕೊಟ್ಟೆ. ಅದು ಹೋಸಿನ ಬಾಯನ್ನು ಕಚ್ಚಿ ಹಿಡಿಯುತ್ತದೆ, ಬೆರಳಿನ ಕೆಲಸವನ್ನು ತೋಳು ಮಾಡುತ್ತದೆ. ಗ್ಲೌಸ್ ಹಾಕಿಕೊಂಡು ಅವರು ಬಗ್ಗಿದರೋ ಇಲ್ಲವೋ, ಗಿರೀಶ್ ಓಡಿ ಬಂದರು.

"ಅಯ್ಯೋ ಅತ್ತೆ, ನೀವು ಇದನ್ನೆಲ್ಲ ಮುಟ್ಟಬಾರ್ದು. ಬಿಡಿ, ನಾನು ಮಾಡ್ತೀನಿ!"

'ಅಳಿಯ, ಮನೆ ತೊಳಿಯ' ಎಂದು ನಾವು ತಮಾಷೆ ಮಾಡುತ್ತೇವೆ. ಈತ ಟ್ಯಾಂಕು ತೊಳೆಯಲೂ ತಯಾರು! ಮತ್ತೆ ಮತ್ತೆ ಹೀಗೇ ಆದಾಗ ನನಗೆ ರೇಗಿತು. ಆದರೆ ಅಕ್ಕರೆಯನ್ನು ಗದರುವುದು ಹೇಗೆ?

ಶಾರದಮ್ಮ ಗ್ಲೌಸ್ ಕಳಚಿ, ಕೈ ತೊಳೆದು ಗಾಡಿಯೊಳಗೆ ಹೋದರು. ಕಾಫಿ ಲೋಟ, ಕೋಡುಬಳೆ ತಟ್ಟೆ ಹಿಡಿದು ಇಳಿದರು. ದೂರದ ನೆರಳಿನಲ್ಲಿ ಕುರ್ಚಿ ಹಾಕಿಸಿ, ಅಳಿಯನನ್ನು ಕೂರಿಸಿ, ಒಂದು ಕೈಗೆ ಲೋಟ, ಇನ್ನೊಂದಕ್ಕೆ ತಟ್ಟೆ ಕೊಟ್ಟರು.

"ನಮ್ಮನೆ ಅಳಿಯಂದಿರು ನಿಂತ್ಕೊಂಡು ಕಾಫಿ ಕುಡಿಯೋದುಂಟಾ? ಮುಗಿಯೋವರೆಗೂ ಏಳ್ಬಾರ್ದು."

ಅತ್ತೆ ಕೈಯಾರೆ ಕೊಟ್ಟ ಕಾಫಿಯನ್ನು ನೆಲಕ್ಕಿಡುವ ಅಳಿಯ ಇನ್ನೂ ಹುಟ್ಟಿಲ್ಲ. ಗಿರೀಶ್ ಎರಡೂ ಕೈ ತುಂಬಿಕೊಂಡು ಕೂತರು.

ಶಾರದಮ್ಮ ಮತ್ತೆ ಗ್ಲೌಸ್ ಹಾಕಿ ಬಗ್ಗಿದರು. ರೆಂಚ್ ಜಾರಿತು. ಗಿರೀಶ್ ಅರ್ಧ ಎದ್ದರು. "ಕಾಫಿ ಆರತ್ತೆ," ಎಂದರು ಶಾರದಮ್ಮ, ತಿರುಗಿಯೂ ನೋಡದೆ. ಮತ್ತೊಮ್ಮೆ ಹಿಡಿ ಒತ್ತಿದಾಗ ಹೋಸು ಟಕ್ಕೆಂದು ಕೂತಿತು. ಮೊದಲು ಟಾಯ್ಲೆಟ್ ಟ್ಯಾಂಕ್ ಬಿಟ್ಟರು, ಆಮೇಲೆ ಹೋಸು ತೊಳೆಯಲು ಇನ್ನೊಂದು ಟ್ಯಾಂಕಿನಲ್ಲಿದ್ದ ಅಡುಗೆಮನೆಯ ನೀರು. ತುದಿಯ ಪಾರದರ್ಶಕ ಕೊಳವೆಯಲ್ಲಿ ನೀರು ತಿಳಿಯಾದದ್ದು ನಮಗೆಲ್ಲ ಕಾಣಿಸಿತು.

"ಅವರು ಇದ್ದಿದ್ರೆ, ಇಷ್ಟಕ್ಕೆ ಇಷ್ಟು ಹೊತ್ತಾ ಅಂತ ನಗ್ತಿದ್ರು," ಎಂದರು ಶಾರದಮ್ಮ. ಕಣ್ಣು ತುಂಬಿತ್ತು. ನನ್ನದೂ.

ಗಿರೀಶ್ ಖಾಲಿ ಲೋಟ ಹಿಡಿದು ಎದ್ದರು. "ಟ್ರಿಪ್ಪಲ್ಲಿ ನಂಗೂ ಒಂದು ಸೀಟಿದ್ಯಾ ಅತ್ತೆ?"

"ಇದೆ. ಕಾಫಿ ಮಾತ್ರ ನೀವೇ ಮಾಡ್ಬೇಕು."

ಉಪಕರಣ ಕೊಡುವುದು ಸುಲಭ, ಅದನ್ನು ಕಲಿಯುವವರ ಕೈಯಲ್ಲೇ ಬಿಡುವುದು ಕಷ್ಟ. ಅಂದಿನಿಂದ ಯಾರಿಗೆ ಹೋಸು ಜೋಡಿಸಲು ಕಲಿಸಿದರೂ, ಮೊದಲು ಒಂದು ಲೋಟ ಕಾಫಿ ತಂದು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುತ್ತೇನೆ.