ಒಂದನೇ ತಾರೀಖಿನ ಹಾಡು

ಕಾಸರಗೋಡಿನ ಹೆದ್ದಾರಿ ಬದಿಯ ಹೋಟೆಲೊಂದರ ಬಾರಿನಲ್ಲಿ ಸಿಂಥಿಯಾ ಮೊಂತೇರೊ ಹತ್ತೊಂಬತ್ತು ವರ್ಷ ಹಾಡಿದಳು. ವಾರಕ್ಕೆ ಆರು ಸಂಜೆ. ಕೊಂಕಣಿ, ತುಳು, ಮಲಯಾಳ, ಬ್ಯಾರಿ, ಕನ್ನಡ, ಹಿಂದಿ, ಯಾವ ಭಾಷೆಯ ಹಾಡು ಕೇಳಿ ಚೀಟಿ ಬಂದರೂ ಅವಳು ಅದನ್ನು ಹಾಗೇ ಹಿಂದೆ ಕಳಿಸಿದ್ದಿಲ್ಲ. ದೊಡ್ಡ ಪಟ್ಟಣದ ಬಾರುಗಳಲ್ಲಿ ಹಾಡುವವರ ಹಿಂದೆ ಬಣ್ಣದ ಲೈಟು, ಹೊಗೆ ಬಿಡುವ ಮೆಶಿನ್ನು ಎಲ್ಲ ಇರುತ್ತದಂತೆ. ಸಿಂಥಿಯಾಳ ಹಿಂದೆ ಇದ್ದದ್ದು ನೀರು ತೊಟ್ಟಿಕ್ಕುವ ಒಂದು ಎಸಿ, ಅದರ ಕೆಳಗೊಂದು ಬಕೆಟ್ಟು. ಆದರೇನು, ಸ್ವರ ಹಿಡಿದಳೆಂದರೆ ಆ ಲೈಟು ಹೊಗೆಯವರೆಲ್ಲ ಬದಿಗೆ ಸರಿದು ನಿಲ್ಲಬೇಕು. ಇದು ಹೊಗಳಿಕೆಯಲ್ಲ, ಕೇಳಿದವರಿಗೆ ಗೊತ್ತಿರುವ ಮಾತು.

ಕೇಳಿದವರು ಎಷ್ಟು ಜನ ಎಂಬುದು ಮಾತ್ರ ಬೇರೆ ಪ್ರಶ್ನೆ. ಬಾರಿಗೆ ಬರುವವರು ಬರುವುದು ಕುಡಿಯಲಿಕ್ಕೆ, ಹಾಡು ಕೇಳಲಿಕ್ಕಲ್ಲ. ಗ್ಲಾಸಿನ ಸದ್ದು, ಜಾಗದ ವ್ಯಾಪಾರದ ಮಾತು, ಹಳೇ ಪ್ರೇಮದ ಅಳು, ಎಲ್ಲದರ ಮೇಲೆ ತನ್ನ ದನಿ ನಿಲ್ಲಬೇಕೆಂದು ಸಿಂಥಿಯಾ ಪ್ರತಿ ಹಾಡನ್ನೂ ಎತ್ತರದ ಶ್ರುತಿಯಲ್ಲಿ ಹಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಒಂಬತ್ತನೇ ವಯಸ್ಸಿನಿಂದ ಇಗರ್ಜಿಯಲ್ಲಿ ಭಾನುವಾರದ ಪೂಜೆಗೆ ಹಾಡಿದ ಹುಡುಗಿ ಅವಳು. ಗಂಟಲು ಎಂದೂ ಕೈಕೊಟ್ಟದ್ದಿಲ್ಲ.

ಅವಳ ಮನೆ ಉಪ್ಪಳದಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದೆ. ಗಂಡ ಫಿಡೆಲಿಸನಿಗೆ ಐಸ್ ಪ್ಲಾಂಟಿನಲ್ಲಿ ರಾತ್ರಿ ಪಾಳಿ. ಮದುವೆಯಾಗಿ ಎರಡು ವರ್ಷಕ್ಕೆ ಕೀಬೋರ್ಡ್ ನುಡಿಸುವ ಜಯಂತ್ ಬಂದು ಬಾರಿನಲ್ಲಿ ಹಾಡಲು ಕರೆದಾಗ, ಮಗಳು ಸ್ಯಾಂಡ್ರಾಳಿಗೆ ಎಂಟು ತಿಂಗಳು. ಸಂಜೆಗೆ ಮಗುವನ್ನು ನೋಡಿಕೊಳ್ಳುವವರು ಯಾರು? ಆಗ ಮುಂದೆ ಬಂದವರು ಪಕ್ಕದ ಮನೆಯ ಕೈಜಮ್ಮ. ಬ್ಯಾರಿ ಮನೆತನದ ಹೆಂಗಸು, ಐದು ಹೊತ್ತು ನಮಾಜು ತಪ್ಪಿಸಿದವರಲ್ಲ, ಹೊರಗೆ ಹೋಗುವಾಗ ತಲೆಯ ಬಟ್ಟೆ ಒಂದಿಂಚೂ ಜಾರಿದ್ದಿಲ್ಲ. "ಮಗುವನ್ನು ಇಲ್ಲಿ ಬಿಡು, ನೀನು ಹೋಗು" ಎಂದರು. ಎಲ್ಲಿಗೆ ಎಂದು ಅವರು ಕೇಳಲಿಲ್ಲ. ಗೊತ್ತಿಲ್ಲವೆಂದಲ್ಲ, ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಾಗುತ್ತದಲ್ಲ, ಅದಕ್ಕೆ.

ಸ್ಯಾಂಡ್ರಾ ಅವರ ಮಡಿಲಲ್ಲೇ ದೊಡ್ಡವಳಾದಳು. ಯಾರಾದರೂ ನೆಂಟರು "ಇದರ ತಾಯಿ ಎಲ್ಲಿ?" ಎಂದು ಕೇಳಿದರೆ ಕೈಜಮ್ಮ ಎಲೆಗೆ ಸುಣ್ಣ ಹಚ್ಚುತ್ತ, "ಕಾಸರಗೋಡಿನಲ್ಲಿ ಹೋಟೆಲಿನ ಆಫೀಸು ಕೆಲಸ" ಎನ್ನುತ್ತಿದ್ದರು. ಈ ಮಾತು ಸಿಂಥಿಯಾಳ ಕಿವಿಗೂ ಬಿದ್ದಿತ್ತು. ತನ್ನ ಮರ್ಯಾದೆ ಉಳಿಸಲಿಕ್ಕೇ ಹಾಗೆ ಹೇಳುತ್ತಾರೆ ಎಂದು ಅವಳಿಗೆ ತಿಳಿಯದೆಯೇ? ಆದರೂ ಚುಚ್ಚುತ್ತಿತ್ತು. ಇಗರ್ಜಿಯವರು ಏನಾದರೂ ಅನ್ನಲಿ, ನೆಂಟರು ಮೂಗು ಮುರಿಯಲಿ, ಅವಳಿಗೆ ಅದರ ಲೆಕ್ಕವಿರಲಿಲ್ಲ. ಕೈಜಮ್ಮನ ಬಾಯಲ್ಲಿ ತನ್ನ ಕೆಲಸಕ್ಕೊಂದು ಸುಳ್ಳು ಹೆಸರು ಇರುವುದೇ ಅವಳಿಗಿದ್ದ ಒಂದು ನೋವು.

ಹೋದ ವರ್ಷ ಹೋಟೆಲಿಗೆ ಕೊಚ್ಚಿಯಿಂದ ಪ್ರೇಮನಾಥ ಎಂಬ ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯರೇ, ಮಾತು ನಯ. ಆ ನಯದಲ್ಲೇ ಒಂದು ದಿನ ಕರೆದು, ಸ್ಟೇಜು ತೆಗೆಯುತ್ತೇವೆ, ಅಲ್ಲಿ ಕ್ರಿಕೆಟ್ ನೋಡಲು ಗೋಡೆಯಷ್ಟು ದೊಡ್ಡ ಟಿವಿ ಬರುತ್ತದೆ, ಒಂದನೇ ತಾರೀಖು ಕಳೆದ ಮೇಲೆ ನೀವು ಬರಬೇಕೆಂದಿಲ್ಲ ಎಂದರು. ಸಿಂಥಿಯಾ ವಾದಿಸಲಿಲ್ಲ. ಮ್ಯಾಚಿನ ನಡುವೆ ಬಿಡುವಿದ್ದಾಗಲಾದರೂ ಹಾಡಲೇ ಎಂದು ಕೇಳಿದಳು. ಅದೂ ಬೇಡ ಎಂದರು.

ಆಗ ಅವಳು ಇನ್ನೊಂದು ಕೇಳಿದಳು. ಕೇರಳದಲ್ಲಿ ಪ್ರತಿ ತಿಂಗಳ ಒಂದನೇ ತಾರೀಖು ಡ್ರೈ ಡೇ, ಬಾರುಗಳಿಗೆ ಬೀಗ. ಹಾಡುವವರಿಗೂ ರಜೆ. "ಈ ಒಂದನೇ ತಾರೀಖಿಗೆ ಬಾರಿನ ಹಾಲ್ ನನಗೆ ಕೊಡಿ ಸರ್. ಮಧ್ಯಾಹ್ನ ಎರಡು ಗಂಟೆ ಹೊತ್ತು. ನಮ್ಮವರನ್ನು ಕರೆದು ಒಮ್ಮೆ ಹಾಡುತ್ತೇನೆ."

ಹೇಗೂ ಖಾಲಿ ಬಿದ್ದಿರುವ ಹಾಲ್, ಪ್ರೇಮನಾಥರು ಆಗಲಿ ಎಂದರು. ಕಷ್ಟವಾದದ್ದು ಕೈಜಮ್ಮನನ್ನು ಒಪ್ಪಿಸುವುದು.

"ಕುಡಿಯುವ ಜಾಗಕ್ಕೆ ನಾನು ಕಾಲಿಡುದಿಲ್ಲ ಮೋಳೇ" ಎಂದರು ಕೈಜಮ್ಮ.

"ಅವತ್ತು ಯಾರೂ ಕುಡಿಯುದಿಲ್ಲ ಉಮ್ಮಾ. ಸರಕಾರದ್ದೇ ಬೀಗ ಉಂಟು."

"ಬಾಟ್ಲಿ ಕಾಣ್ತದಾ?"

"ಇಲ್ಲ."

"ವಾಸನೆ?"

ಕೈಜಮ್ಮ ಅವಳ ಮುಖ ನೋಡಿ ನೋಡಿ, "ಮಧ್ಯಾಹ್ನದ ಲುಹರ್ ನಮಾಜು ಮುಗಿಸಿ ಹೊರಡುದು, ಸಂಜೆ ಮಗ್ರಿಬಿಗೆ ಮೊದಲು ಮನೆಗೆ ಮುಟ್ಟಬೇಕು. ವಾಸನೆ ಬಂದರೆ ಬಾಗಿಲಿನಿಂದಲೇ ವಾಪಸ್ಸು" ಎಂದರು.

ಈ ಶರತ್ತನ್ನು ಬಾರಿನ ಹಳೇ ತಲೆ ಮಹಾಬಲ ತನ್ನ ಮಾನದ ಪ್ರಶ್ನೆ ಮಾಡಿಕೊಂಡ. ಇಪ್ಪತ್ತೈದು ವರ್ಷ ಕೌಂಟರಿನ ಹಿಂದೆ ನಿಂತವನು ಅವನು. ರಜೆಯ ದಿನ ಬೆಳಿಗ್ಗೆ ಆರಕ್ಕೇ ಬಂದು ನಾಲ್ಕು ಜನರನ್ನು ಕಟ್ಟಿಕೊಂಡು ನೆಲವನ್ನು ಮೂರು ಸಲ ಸೋಪು ಹಾಕಿ ತಿಕ್ಕಿಸಿದ. ಕಾರ್ಪೆಟ್ಟು ಟೆರೇಸಿಗೆ ಹೋಯಿತು. ಕೌಂಟರಿಗೆ ಬಿಳಿ ಬಟ್ಟೆ ಬಿತ್ತು. ಒಳಗೆ ಲೋಬಾನದ ಹೊಗೆ ಬೇರೆ ಹಾಕಿದ. "ಬಾಯಮ್ಮ, ಇನ್ನು ಇದರಲ್ಲಿ ಪೂಜೆಯೂ ಮಾಡಬಹುದು, ನಮಾಜೂ ಮಾಡಬಹುದು" ಎಂದು ಸಿಂಥಿಯಾಳಿಗೆ ಫೋನು ಮಾಡಿ ಹೇಳಿದ.

ಎಲ್ಲ ಸರಿಯಾಯಿತು ಎನ್ನುವಾಗ ಜಯಂತನೇ ನಾಪತ್ತೆ. ಇದು ಬಾರಿನ ವಾದ್ಯದವರು ಮಾತ್ರ ಮಾಡಬಹುದಾದ ತಪ್ಪು. ಡ್ರೈ ಡೇ ಬಂತೆಂದರೆ ಗಡಿ ದಾಟಿ ತಲಪಾಡಿಗೆ ಹೋಗಿ, ಕರ್ನಾಟಕದ ಕಡೆ ಕೂತು, ಫೋನು ಆಫ್ ಮಾಡಿ, ಇಡೀ ತಿಂಗಳು ಬೇರೆಯವರು ಕುಡಿಯುವುದನ್ನು ನೋಡಿದ ಬಾಕಿ ತೀರಿಸುವುದು ಅವನ ಪದ್ಧತಿ. ಹಿಂದಿನ ರಾತ್ರಿ "ನಾಳೆ ಎರಡಕ್ಕೆ ಹಾಜರ್" ಎಂದವನನ್ನು ಬೆಳಿಗ್ಗೆ ಕಾಲುಗಳೇ ಬಸ್ಸು ಹತ್ತಿಸಿಬಿಟ್ಟಿದ್ದವು. ಉಳಿದದ್ದು ಗಿಟಾರಿನ ಕೀತ್ ಒಬ್ಬನೇ.

ಎರಡೂವರೆಗೆ ಕೈಜಮ್ಮ ಮೊಮ್ಮಗಳು ನುಸ್ರತ್‌ಳ ಕೈ ಹಿಡಿದು ಬಂದರು. ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡರು. ಮಹಾಬಲನೂ ಉಸಿರು ಬಿಗಿಹಿಡಿದ.

"ಲೋಬಾನ ಸ್ವಲ್ಪ ಜಾಸ್ತಿಯಾಯ್ತು" ಎಂದು ಹೇಳಿ ಕೈಜಮ್ಮ ಒಳಗೆ ಬಂದು ಎದುರಿನ ಸಾಲಿನಲ್ಲೇ ಕೂತರು.

ಫಿಡೆಲಿಸ್, ಸ್ಯಾಂಡ್ರಾ, ಇಗರ್ಜಿಯ ಹೆಂಗಸರು, ಹೋಟೆಲಿನವರ ಮನೆಯವರು, ಎಲ್ಲ ಸೇರಿ ನಲವತ್ತು ಮಂದಿ ಇರಬಹುದು. ಮಹಾಬಲ ಕಾಕ್ಟೇಲ್ ಅಲ್ಲಾಡಿಸುವ ಡಬ್ಬಿಯಲ್ಲೇ ಲಿಂಬೆ, ಹಸಿಮೆಣಸು ಹಾಕಿ ಕುಲುಕ್ಕಿ ಸರ್ಬತ್ತು ಮಾಡಿ ಹಂಚಿದ. ಸಿಂಥಿಯಾ ಮೈಕಿನ ಎದುರು ನಿಂತಳು. ಮೊದಲನೆಯದು ಒಂದು ಹಳೆಯ ಹಿಂದಿ ಹಾಡು, ಸಾವಿರ ಸಲ ಹಾಡಿದ್ದು, ನಿದ್ದೆಯಲ್ಲೂ ತಪ್ಪದು. ಎಂದಿನ ಎತ್ತರದಲ್ಲೇ ಎತ್ತಿಕೊಂಡಳು.

ಹಾಡಿನ ಎರಡನೇ ಸಾಲಿಗೇ ನಿಲ್ಲಿಸಿಬಿಟ್ಟಳು.

ಆಗಿದ್ದಿಷ್ಟು: ಹಾಲ್‌ನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಗ್ಲಾಸಿಗೆ ಗ್ಲಾಸು ತಾಗುತ್ತಿರಲಿಲ್ಲ. ನಲವತ್ತು ಜೋಡಿ ಕಣ್ಣು ಅವಳನ್ನೇ ನೋಡುತ್ತಿದ್ದವು. ಗದ್ದಲದ ಜೊತೆ ಗುದ್ದಾಡಿ ಹಾಡಿದವಳಿಗೆ ಗುದ್ದಲು ಗೋಡೆಯೇ ಇಲ್ಲದಂತಾಯಿತು, ಸ್ವರ ಮುಗ್ಗರಿಸಿಬಿಟ್ಟಿತು. ಎಂದಿನ ಸಂಜೆಯಾದರೆ ಅವಳು ಹಾಡು ನಿಲ್ಲಿಸಿದ್ದು ಒಬ್ಬನಿಗೂ ತಿಳಿಯುತ್ತಿರಲಿಲ್ಲ. ಈಗ ಎಲ್ಲರಿಗೂ ತಿಳಿಯಿತು. ಸಿಂಥಿಯಾಳಿಗೆ ಬೆವರು ಕಿತ್ತುಬಂತು. ಕರೆಸಿ ಕೂರಿಸಿ, ಕೈಜಮ್ಮನ ಎದುರೇ ಹೀಗಾಗಬೇಕೇ ಎಂದು ಮೈಕಿನಿಂದ ಹಿಂದೆ ಸರಿದಳು.

ಕೈಜಮ್ಮ ಕೂತಲ್ಲಿಂದಲೇ, "ನಮಗೆ ಕಿವಿ ಸರಿ ಉಂಟು ಮೋಳೇ. ಬೊಬ್ಬೆ ಹಾಕುದು ಬೇಡ" ಎಂದರು.

ಹೆಂಗಸರು ನಕ್ಕರು. ಸಿಂಥಿಯಾಳಿಗೂ ನಗು ಬಂತು. ಅವಳು ತಿರುಗಿ, "ಶ್ರುತಿ ಇಳಿಸು ಕೀತ್" ಎಂದಳು. "ಎಷ್ಟು?" ಎಂದ ಅವನು. "ನಾನು ಇಗರ್ಜಿಯಲ್ಲಿ ಹಾಡ್ತೇನಲ್ಲ, ಅಷ್ಟು."

ಆಮೇಲೆ ಹಾಡಿದಳು ನೋಡಿ. ಆ ಕೆಳಗಿನ ಶ್ರುತಿಯಲ್ಲಿ ಅವಳ ದನಿಗೆ ಒಂದು ತೂಕವಿತ್ತು, ಆಳವಿತ್ತು. ಹತ್ತೊಂಬತ್ತು ವರ್ಷದಿಂದ ದಿನಾ ಕೇಳಿದ ಮಹಾಬಲನೇ ಸರ್ಬತ್ತಿನ ಡಬ್ಬಿ ಕೈಯಲ್ಲಿ ಹಿಡಿದುಕೊಂಡು ಬಾಯಿಬಿಟ್ಟು ನಿಂತ. ತುಳುವಿನದ್ದೊಂದು ಆಯಿತು, ಕೊಂಕಣಿಯದ್ದಾಯಿತು, ಕನ್ನಡದ ಒಂದು ಭಾವಗೀತೆಯಾಯಿತು. ಕೊನೆಗೆ, ಯಾರೂ ಕೇಳದೆಯೇ, ಬ್ಯಾರಿ ಮದುವೆಮನೆಗಳಲ್ಲಿ ಹೆಂಗಸರು ಹಾಡುವ ಹಳೆಯ ಹಾಡೊಂದನ್ನು ಎತ್ತಿಕೊಂಡಳು. ಅದನ್ನು ಅವಳು ಕಲಿತದ್ದು ಗೋಡೆಯ ಆಚೆಯಿಂದ, ಮಧ್ಯಾಹ್ನದ ಹೊತ್ತು ಸ್ಯಾಂಡ್ರಾಳನ್ನು ಕೈಜಮ್ಮ ಮಲಗಿಸುವಾಗ. ಮೊದಲ ಚರಣ ಮುಗಿಯುವುದರೊಳಗೆ ಕೈಜಮ್ಮನ ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಎರಡನೆಯದಕ್ಕೆ ಅವರೂ ಹಾಡುತ್ತಿದ್ದರು. ಬಾರಿನೊಳಗೆ ಕೂತು, ಗಟ್ಟಿಯಾಗಿ. ಸಿಂಥಿಯಾಳಿಗೆ ಕಣ್ಣು ತುಂಬಿತು. ಆದರೆ ಈ ಸಲ ಸ್ವರ ತಪ್ಪಲಿಲ್ಲ.

ತಲಪಾಡಿಯಿಂದ ಓಡೋಡಿ ಬಂದ ಜಯಂತ್ ಮುಟ್ಟುವಾಗ ಕೊನೆಯ ಚಪ್ಪಾಳೆ. ಯಾರೂ ಅವನನ್ನು ಬೈಯಲೂ ಇಲ್ಲ, ಅದೇ ಅವನಿಗೆ ದೊಡ್ಡ ಶಿಕ್ಷೆಯಾಯಿತು.

ಹಿಂದೆ ನಿಂತು ಕೇಳಿದ್ದ ಪ್ರೇಮನಾಥರು ಹತ್ತಿರ ಬಂದರು. ಅವರ ಮುಖದಲ್ಲಿ ನಿಜವಾದ ಮೆಚ್ಚಿಕೆಯಿತ್ತು. "ಸಿಂಥಿಯಾ, ನೀವು ಹೇಳಿದ ಹಾಗೆ ಮಾಡುವ. ಟಿವಿ ಬರಲಿ, ಮ್ಯಾಚಿನ ಮಧ್ಯೆ ನೀವು ಹಾಡಿ. ಬಿಡುವುದು ಬೇಡ" ಎಂದರು.

ಎರಡು ವಾರದ ಹಿಂದೆ ಇದೇ ಮಾತಿಗೆ ಅವಳು ಕೈಮುಗಿಯುತ್ತಿದ್ದಳು. ಈಗ ಮೈಕಿನ ವಯರು ಸುತ್ತುತ್ತ, "ಬೇಡ ಸರ್" ಎಂದಳು. "ಇವತ್ತು ಕೂತು ಕೇಳಿದ್ರಲ್ಲ ಇವರೆಲ್ಲ. ಇನ್ನು ಕೇಳದವರ ಎದುರು ಹಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಮದುವೆ ಉಂಟು, ಮದುವೆಯ ಹಿಂದಿನ ದಿನದ ರೋಸ್ ಉಂಟು, ಸ್ಟೇಜಿಗೇನು ಬರಗಾಲ?"

ಮಾತಿನಲ್ಲಿ ಸೊಕ್ಕಿರಲಿಲ್ಲ. ತನ್ನ ಬೆಲೆ ತನಗೇ ಗೊತ್ತಾದ ಹೆಂಗಸು ಹೇಳುವ ಹಾಗೆ ಹೇಳಿದಳು.

ಅಷ್ಟರಲ್ಲಿ ಕೈಜಮ್ಮನ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ದುಬೈಯಲ್ಲಿರುವ ಮಗ ನಿಯಾಸ್. ಕೈಜಮ್ಮನಿಗೆ ಫೋನನ್ನು ಕಿವಿಗೆ ಹಿಡಿದು ಅಭ್ಯಾಸವಿಲ್ಲ. ನುಸ್ರತ್ ಎಂದಿನಂತೆ ಸ್ಪೀಕರ್ ಹಾಕಿ ಅವರ ಎದುರು ಹಿಡಿದಳು.

"ಉಮ್ಮಾ, ಮನೆಗೆ ಮಾಡಿದ್ರೆ ಯಾರೂ ತೆಗೀಲಿಲ್ಲ. ಎಲ್ಲಿದ್ದೀರಿ?"

ಹಾಲ್‌ನಲ್ಲಿ ಕುರ್ಚಿ ಎಳೆಯುತ್ತಿದ್ದವರೂ ನಿಂತರು. ಸಿಂಥಿಯಾ ವಯರು ಸುತ್ತುವುದನ್ನು ಬಿಟ್ಟು ಕೆಳಗೆ ನೋಡಿದಳು. ಆಸ್ಪತ್ರೆ, ನೆಂಟರ ಮನೆ, ಬಟ್ಟೆಯ ಅಂಗಡಿ, ಹೇಳಲು ನೂರು ಜಾಗವಿತ್ತು.

"ಬಾರಿನಲ್ಲಿ" ಎಂದರು ಕೈಜಮ್ಮ.

"ಎಲ್ಲಿ?" ಎಂದು ನಿಯಾಸನ ದನಿ ಏರಿತು.

"ಕಾಸರಗೋಡಿನ ಬಾರಿನಲ್ಲಿ ಮಾರಾಯ. ನಮ್ಮ ಸಿಂಥಿಯಾ ಇಲ್ಲಿ ಹಾಡುದು. ಹತ್ತೊಂಬತ್ತು ವರ್ಷದಿಂದ ಹಾಡ್ತಾಳೆ. ಯಾರು ಕೇಳಿದ್ರೂ ಹಾಗೇ ಹೇಳು."