ಹೂವಿನ ಬಂಡಿಯಲ್ಲಿ ಕುಳಿತವನು

ಇದು 1955ರ ಬೇಸಿಗೆಯ ಮಾತು. ನಮ್ಮ ಸೀಮೆ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಮಸ್ಕಿಯ ಬಜಾರಿನಲ್ಲಿ ಒಬ್ಬ ಕಿರಾಣಿ ವ್ಯಾಪಾರಿಯ ಅಂಗಡಿ ಕಟ್ಟೆಯ ಮೇಲೆ ನಾನು ಹೊಲಿಗೆ ಮಷೀನು ಇಟ್ಟುಕೊಂಡಿದ್ದೆ. ನನ್ನ ಹೆಸರು ಮಹಬೂಬ. ಮದುವೆ ಆಗಿರಲಿಲ್ಲ. ಬದುಕಿನಲ್ಲಿ ಇದ್ದ ದೊಡ್ಡ ಹುಚ್ಚು ಎಂದರೆ ಸಿನಿಮಾ.

ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಬಿದ್ದಿತ್ತು. ಅಲ್ಲಿ ಬರುತ್ತಿದ್ದ ಹಿಂದಿ ಚಿತ್ರಗಳಲ್ಲಿ ಒಬ್ಬ ನಟನೆಂದರೆ ನಮಗೆ ಪ್ರಾಣ. ಅವನ ಹೆಸರು ಇಲ್ಲಿ ಬೇಡ, ನಾವು ಅವನನ್ನು ಬರೀ ‘ಹೀರೋ’ ಎನ್ನುತ್ತಿದ್ದೆವು. ಹಿಂದಕ್ಕೆ ಬಾಚಿದ ಕೂದಲು, ಪೆನ್ಸಿಲ್ಲಿನಿಂದ ಎಳೆದಂಥ ಮೀಸೆ, ಒಂದು ಹುಬ್ಬು ಏರಿಸಿ ನಗುವ ನಗು. ಸಿಂಧನೂರಿನಿಂದ ಹಟ್ಟಿಯವರೆಗೆ ಹರೆಯದವರೆಲ್ಲ ಆ ವರ್ಷ ಅದೇ ಮೀಸೆ, ಅದೇ ಕ್ರಾಪು ಬಿಟ್ಟಿದ್ದರು. ಚಿತ್ರದಲ್ಲಿ ಅವನು ತೊಡುತ್ತಿದ್ದ ಅಗಲ ಕಾಲರಿನ ಅಂಗಿ ಹೊಲಿಸಿಕೊಳ್ಳಲು ಸುತ್ತಲಿನ ಹಳ್ಳಿಗಳಿಂದ ನನ್ನ ಕಟ್ಟೆಗೆ ಬರುತ್ತಿದ್ದರು. ಆದರೆ ಮಿಕ್ಕವರೆಲ್ಲ ಅವನ ಹಾಗೆ ಕಾಣಲು ಒದ್ದಾಡುತ್ತಿದ್ದರೆ, ನಾನು ಮಾತ್ರ ಅಚ್ಚು ಅವನೇ ಎಂದು ಜನ ಹೇಳುತ್ತಿದ್ದರು. ನನಗೂ ಅದು ಒಳಗೊಳಗೇ ಹಿಗ್ಗು.

ಒಂದು ದಿನ ರಾಯಚೂರಿನ ಬಸ್ಸಿನಲ್ಲಿ ಬಂದ ಪೇಪರಿನಲ್ಲಿ ಸುದ್ದಿ ಇತ್ತು. ಮುಂಬಯಿಯಲ್ಲಿ ಆ ವರ್ಷದ ಉತ್ತಮ ನಟನ ಬಹುಮಾನ ನಮ್ಮ ಹೀರೋಗೆ ಬಂದಿತ್ತು! ನನ್ನ ಗೆಳೆಯ ಶಿವಪ್ಪ ಅದನ್ನು ಬಜಾರಿನ ನಡುವೆ ನಿಂತು ಗಟ್ಟಿಯಾಗಿ ಓದಿದ. ಓದುತ್ತಾ ಓದುತ್ತಾ ಅತ್ತೇಬಿಟ್ಟ. ಸ್ವಂತ ಅಣ್ಣನಿಗೆ ನೌಕರಿ ಸಿಕ್ಕಿದ್ದರೂ ಅವನು ಅಷ್ಟು ಅಳುತ್ತಿರಲಿಲ್ಲ. ಸಂಜೆಯವರೆಗೆ ಬೆಲ್ಲ, ಪುಟಾಣಿ ಹಂಚಿದೆವು. ಟಾಕೀಸಿನ ಮ್ಯಾನೇಜರು ಹೀರೋನ ಹಳೆಯ ಚಿತ್ರವನ್ನು ಮತ್ತೆ ತರಿಸುವುದಾಗಿ ಹೇಳಿದರು.

ಮರುದಿನ ಶಿವಪ್ಪ ಓಡುತ್ತಾ ಬಂದ.

“ಲೇ ಮಹಬೂಬ, ಸಿಂಧನೂರಾಗ ಫೋಟೋದ ಮೆರವಣಿಗಿ ಮಾಡ್ಯಾರಂತ. ಲಿಂಗಸುಗೂರಾಗ ಪಟಾಕಿ ಹಾರಿಸ್ಯಾರಂತ. ನಮಗ ಫೋಟೋ ಯಾಕ ಬೇಕಲೇ? ನಮ್ಮ ಹಂತ್ಯಾಕ ಜೀವಂತ ಹೀರೋನ ಅದಾನ!”

ಹೀಗೆ ನಾನು ಹೀರೋ ಆದೆ. ಶಿವಪ್ಪನ ಬಂಡಿಗೆ ಬಿದಿರಿನ ಕಮಾನು ಕಟ್ಟಿದರು. ಕಮಾನಿನ ತುಂಬ ಕಣಗಿಲೆ, ಮಲ್ಲಿಗೆ ಸುತ್ತಿದರು. ಕುರ್ಚಿ ಇಟ್ಟರೆ ಹಳ್ಳದ ದಾರಿಯಲ್ಲಿ ಉರುಳುತ್ತದೆಂದು ನನ್ನನ್ನು ಒಂದು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಜೋಲಿ ಹೊಡೆಯದಂತೆ ಎದೆಗೆ ಒಂದು ಶಲ್ಯ ಬಿಗಿದರು. ಹೀರೋ ಬೆಳ್ಳಗಿದ್ದುದರಿಂದ ನನ್ನ ಮುಖಕ್ಕೆ ದಟ್ಟವಾಗಿ ಪೌಡರು ಬಳಿದರು. ಕೊರಳಿಗೆ ಹೂವಿನ ಹಾರ. ಮುಂದೆ ಹಲಗೆ ಬಾರಿಸಲು ಹುಲುಗಪ್ಪ. ಪಾಮನಕಲ್ಲೂರಿನ ಕಡೆ ಹೊರಟು, ದಾರಿಯ ಹಳ್ಳಿಗಳಲ್ಲೆಲ್ಲ ಬಹುಮಾನದ ಸುದ್ದಿ ಸಾರಿ, ಸಿನಿಮಾಕ್ಕೆ ಜನರನ್ನು ಕರೆಯಬೇಕೆಂದು ಏರ್ಪಾಡಾಗಿತ್ತು.

ಬೆಳಿಗ್ಗೆಯೆಲ್ಲ ಬಹಳ ಚೆಂದ ನಡೆಯಿತು. ಹೆಂಗಸರು ಬಾಗಿಲಿಗೆ ಬಂದು ನೋಡಿ ನಕ್ಕರು. ಒಂದೂರಿನಲ್ಲಿ ನನಗೆ ಆರತಿಯನ್ನೂ ಎತ್ತಿದರು. ನಾನು ಹುಬ್ಬು ಏರಿಸಿ ಹೀರೋನ ಹಾಗೆ ನಗುತ್ತಿದ್ದೆ.

ನಡುಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಹಳ್ಳಿ ಬಂತು. ಅದರ ಹೆಸರು ಬರೆಯುವುದಿಲ್ಲ, ಆ ಮನೆತನದವರು ಈಗಲೂ ಅಲ್ಲಿದ್ದಾರೆ. ಬಿಸಿಲು ಎಷ್ಟಿತ್ತೆಂದರೆ ಗಿಡಗಳ ನೆರಳು ಬುಡದಲ್ಲೇ ಮುದುಡಿಕೊಂಡಿತ್ತು. ಊರ ಮುಂದಿನ ಕಟ್ಟೆಯ ಮೇಲೆ ಒಬ್ಬ ಮುದುಕ ಕುಳಿತಿದ್ದ. ನನ್ನನ್ನು ನೋಡಿದವನೇ ಎದ್ದು ನಿಂತ. ಕಾಲಿನ ಕೆರ ಬಿಟ್ಟ. ಎರಡೂ ಕೈ ಮುಗಿದ.

“ನೋಡಲೇ, ಮುದುಕನೂ ಹೀರೋನ ಅಭಿಮಾನಿ ಆಗ್ಯಾನ” ಎಂದು ಶಿವಪ್ಪ ನಕ್ಕ.

ಓಣಿಯೊಳಗೆ ಹೊಕ್ಕೆವು. ಎದುರಿನಿಂದ ಹೆಂಗಸರು, ಗಂಡಸರು ಗುಂಪಾಗಿ ಬರುತ್ತಿದ್ದರು. ಕೈಯಲ್ಲಿ ಖಾಲಿ ತಂಬಿಗೆ, ಬುಟ್ಟಿಗಳಿದ್ದವು. ಬಂಡಿ ಕಂಡದ್ದೇ ಎಲ್ಲರೂ ನಿಂತುಬಿಟ್ಟರು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಕೆಲವು ಹೆಂಗಸರು ನಿಂತಲ್ಲೇ ಮಣ್ಣಿನಲ್ಲಿ ಕುಳಿತರು. ಹುಲುಗಪ್ಪನ ಕೈ ತಾನಾಗಿ ನಿಂತಿತು. ಎತ್ತಿನ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು. ಏನಾಗಿದೆಯೆಂದು ತಿಳಿಯದ ನಾನು ನಗುತ್ತಲೇ ಇದ್ದೆ.

“ಯವ್ವಾ... ನಗಾಕತ್ತಾನ” ಎಂದಳು ಒಬ್ಬ ಹುಡುಗಿ, ಬಹಳ ಸಣ್ಣ ದನಿಯಲ್ಲಿ.

ನಗು ನಿಲ್ಲಿಸಲು ನೋಡಿದೆ. ಪೌಡರು ಬೆವರಿಗೆ ನೆಂದು ಗಟ್ಟಿಯಾಗಿ, ಮುಖ ಸಡಿಲಾಗಲೇ ಇಲ್ಲ.

“ಯಾಕ್ರೀ, ಏನಾತ್ರೀ? ಇದು ಟಾಕೀಸಿನ ಬಂಡಿ ಐತ್ರಿ” ಎಂದ ಶಿವಪ್ಪ.

ಒಬ್ಬ ಗಂಡಸು ನನ್ನಿಂದ ಕಣ್ಣು ತೆಗೆಯದೆ ಹೇಳಿದ: “ಹಾವು ಕಡಿದು ಸತ್ತಾನ ನಮ್ಮ ವೀರೇಶ. ಮೊನ್ನಿ ಹಿಂಗ ಹೂವಿನಾಗ ಕುಂದ್ರಿಸಿ, ಹಿಂಗ ಶಲ್ಯಾ ಕಟ್ಟಿ ಕಳಿಸೀವಿ. ಇವತ್ತ ಮೂರನೇ ದಿನ. ಹಾಲು ತುಪ್ಪ ಬಿಟ್ಟು ಈಗರ ಬರಾಕತ್ತೀವಿ. ಹೆಂಗ ಕುಂತು ಹೋದನೋ ಹಂಗ ಕುಂತು ಹೊಳ್ಳಿ ಬಂದಾನಲ್ಲೋ!”

ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಕೂರಿಸಿ, ಹೂವಿನ ವಿಮಾನ ಕಟ್ಟಿ, ವಾದ್ಯದೊಂದಿಗೆ ಒಯ್ದು ಮಣ್ಣು ಮಾಡುವುದನ್ನು ನಾನು ಚಿಕ್ಕಂದಿನಿಂದ ಕಂಡವನು. ಶಿವಪ್ಪನಂತೂ ಲಿಂಗಾಯತನೇ. ಬಂಡಿ ಸಿಂಗರಿಸುವಾಗ ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಈಗ ಹೊಳೆಯಿತು. ಎದೆಗೆ ಕಟ್ಟಿದ ಶಲ್ಯದ ಗಂಟು ಬೆನ್ನ ಹಿಂದಿತ್ತು, ನನ್ನ ಕೈಗೆ ಎಟುಕುತ್ತಿರಲಿಲ್ಲ.

“ಊರಾಗ ಬಿಡಬ್ಯಾಡ್ರಿ, ಹೊಡೀರಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಒಂದು ಕಲ್ಲು ಕಮಾನಿಗೆ ಬಡಿಯಿತು. ಇನ್ನೊಂದು ನನ್ನ ಭುಜಕ್ಕೆ ಬಿತ್ತು. “ಇಂವ ಮಸ್ಕಿ ದರ್ಜಿರೀ, ಮಹಬೂಬ ಅದಾನ್ರೀ!” ಎಂದು ಶಿವಪ್ಪ ಒದರಿದ್ದು ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

“ತಡೀರಿ.”

ಒಬ್ಬ ಹೆಂಗಸು ಗುಂಪು ಸೀಳಿಕೊಂಡು ಬಂದಳು. ಆಕೆಯ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ವೀರೇಶನ ತಾಯಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. “ಬಿಸಲಾಗ ಬಂದಾನ. ಹಸದಿರತಾನ” ಎಂದಳು. ಬಂಡಿ ಏರಿ, ನನ್ನ ಬೆನ್ನ ಹಿಂದೆ ಕೈ ಹಾಕಿ ಶಲ್ಯದ ಗಂಟು ಬಿಚ್ಚಿದಳು. ತನ್ನ ಸೆರಗನ್ನು ನನ್ನ ತಲೆಯ ಮೇಲೆ ಹೊದಿಸಿದಳು. ಆಮೇಲೆ ಒಂದು ಕಲ್ಲೂ ಬರಲಿಲ್ಲ.

ಇಳಿಯುವಾಗ ಶಿವಪ್ಪ ನನ್ನ ಕಿವಿಯಲ್ಲಿ ಹೇಳಿದ: “ಸುಮ್ಕ ಹೋಗು. ಈಗ ಅಲ್ಲ ಅಂದ್ರ ಈ ಮಂದಿ ನಮ್ಮನ್ನ ಜೀವಂತ ಬಿಡೂದಿಲ್ಲ.”

ಮನೆಯ ಪಡಸಾಲೆಯಲ್ಲಿ ಕತ್ತಲಿತ್ತು. ಗೋಡೆಯ ಹತ್ತಿರ ಒಂದು ದೀಪ, ಸುತ್ತ ವಿಭೂತಿ. ಮೂಲೆಯಲ್ಲಿ ತುಂಬು ಬಸುರಿ ಹೆಂಗಸೊಬ್ಬಳು ಗೋಡೆಗೆ ಒರಗಿ ಕುಳಿತಿದ್ದಳು. ವೀರೇಶನ ಹೆಂಡತಿ. ಆಕೆ ನನ್ನ ಮುಖ ನೋಡಲಿಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದಳು. ಗೂಟಕ್ಕೆ ಒಂದು ಅಂಗಿ ತೂಗುಹಾಕಿದ್ದರು. ಅಗಲ ಕಾಲರಿನ ಅಂಗಿ. ಕಾಲರಿನ ಅಂಚಿಗೆ ಜೋಡಿ ಹೊಲಿಗೆ ಹಾಕುವುದು ನನ್ನ ರೂಢಿ. ಅದು ನನ್ನದೇ ಕೈಯ ಹೊಲಿಗೆ.

ತಾಯಿ ನನ್ನ ಕಾಲಿಗೆ ನೀರು ಹಾಕಿದಳು. ನೆಲ ಒರೆಸಿ ಕೂರಿಸಿದಳು. ಸಮಾಧಿಗೆ ಎಡೆ ಒಯ್ದು ಉಳಿದಿದ್ದ ಅಡುಗೆಯನ್ನು ತಾಟಿಗೆ ಬಡಿಸಿದಳು. ಮೊಸರು, ಅನ್ನ, ಶೇಂಗಾ ಚಟ್ನಿ, ರೊಟ್ಟಿ. ನಾನು ತಲೆ ತಗ್ಗಿಸಿ ಉಂಡೆ. ಆಕೆ ಎದುರಿಗೆ ಕುಳಿತು ಬೀಸಣಿಗೆ ಬೀಸಿದಳು. ಕೊನೆಗೆ ಮೆಲ್ಲಗೆ ಕೇಳಿದಳು:

“ವೀರೇಶಾ, ಕಾಲಿನ ಉರಿ ಹೋತೇನಪಾ?”

ಆಗ ನನಗೆ ತಿಳಿಯಿತು. ಮಗ ಸತ್ತಿದ್ದಾನೆಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಸತ್ತ ಮಗನನ್ನೇ ಕೇಳುತ್ತಿದ್ದಳು.

ಏನು ಹೇಳಬೇಕೆಂದು ನಾನು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲೇ ನನ್ನ ಬಾಯಿಂದ ಉತ್ತರ ಬಂತು. “ಹೋತು ಯವ್ವಾ. ಈಗೇನೂ ಇಲ್ಲ.”

ನಮ್ಮ ಮನೆಯಲ್ಲಿ ದಖ್ಖನಿ ಮಾತು. ತಾಯಿಯನ್ನು ನಾನು ಅಮ್ಮಾ ಎಂದೇ ಕರೆದವನು, ಅಲ್ಲಿಯವರೆಗೆ ಯಾರನ್ನೂ ಯವ್ವಾ ಎಂದು ಕರೆದಿರಲಿಲ್ಲ. ಆ ದನಿಯೂ ನನ್ನದಕ್ಕಿಂತ ಭಾರವಾಗಿತ್ತು, ನಿದ್ದೆಯಿಂದ ಎದ್ದವನ ದನಿಯ ಹಾಗೆ. ಮೂಲೆಯಲ್ಲಿದ್ದ ಸೊಸೆ ಥಟ್ಟನೆ ತಲೆ ಎತ್ತಿದಳು.

ತಾಯಿ ಬೀಸಣಿಗೆ ಕೆಳಗಿಟ್ಟು, ಸೆರಗಿನಿಂದ ನನ್ನ ಬಾಯಿ ಒರೆಸಿದಳು. “ಹಂಗಾದ್ರ ಆತು. ಹೋಗಿ ಬಾ ಅನ್ನೂದಿಲ್ಲಪಾ. ಹೋಗು” ಎಂದಳು. ದೀಪದ ಕಡೆ ಮುಖ ಮಾಡಿ ಕುಳಿತಳು. ಮತ್ತೆ ನನ್ನ ಕಡೆ ತಿರುಗಲಿಲ್ಲ.

ಸೊಸೆ ಎದ್ದು ನನ್ನನ್ನು ಹಿತ್ತಲ ಬಾಗಿಲಿಗೆ ಕರೆದೊಯ್ದಳು. “ಎಡಗೈ ತೋರಸ್ರಿ” ಎಂದಳು. ತೋರಿಸಿದೆ. ಬೆರಳುಗಳನ್ನು ಒಂದೊಂದಾಗಿ ನೋಡಿದಳು.

“ಅವರಿಗೆ ಕುಡಗೋಲು ಬಡದು ಕಿರಿಬೆರಳಿನ ತುದಿ ಹೋಗಿತ್ತು” ಎಂದಳು. “ನೀವು ಅಲ್ಲ.” ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ನಿಮ್ಮ ಹೆಸರೇನ್ರಿ?”

“ಮಹಬೂಬ. ಮಸ್ಕಿಯಾಂವ.”

“ಮುಖಾ ತೊಳಕೊಂಡು ಹೋಗ್ರಿ. ಹಿಂಗ ಹೋದ್ರ ದಾರ್‍ಯಾಗ ಯಾರರೆ ಹೊಡದಾರು.”

ಆಕೆಯೇ ಕೊಡದಿಂದ ನೀರು ಹಾಕಿದಳು. ಬಿಳಿ ನೀರು ಕಾಲ ಬುಡದಲ್ಲಿ ಹರಿದುಹೋಯಿತು. ನಾನು ಹಾರವನ್ನು ಅಲ್ಲೇ ಬೇಲಿಗೆ ಬಿಟ್ಟು, ಹೊಲಗಳ ನಡುವೆ ಓಡಿದೆ.

ಊರ ಹೊರಗಿನ ಹಳ್ಳದ ಹತ್ತಿರ ಶಿವಪ್ಪ, ಹುಲುಗಪ್ಪ ಬಂಡಿಯೊಂದಿಗೆ ಕಾಯುತ್ತಿದ್ದರು. ಶಿವಪ್ಪ ಆಗಲೇ ಕಮಾನು ಕಿತ್ತೊಗೆದಿದ್ದ. ಅಲ್ಲಿಂದ ನೇರ ಮಸ್ಕಿಗೆ ಬಂಡಿ ಹೊಡೆದೆವು. ಆ ಸಂಜೆ ಡೇರೆ ತುಂಬಿ ತುಳುಕಿತಂತೆ, ಹೀರೋ ತೆರೆಯ ಮೇಲೆ ಬಂದಾಗ ಜನ ರುಮಾಲು ತೂರಿದರಂತೆ. ನಾನು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮೀಸೆ ತೆಗೆಸಿ, ಕೂದಲು ಸಣ್ಣಗೆ ಕತ್ತರಿಸಿಕೊಂಡೆ.

ಒಂದು ಯೋಚನೆ ಮಾತ್ರ ನನ್ನನ್ನು ಬಿಡಲಿಲ್ಲ. ವೀರೇಶ ನನ್ನ ಕಟ್ಟೆಗೆ ಬಂದಿದ್ದ. ನಾನೇ ಅವನ ಅಳತೆ ತೆಗೆದಿದ್ದೆ. ಅಳತೆ ತೆಗೆಯುವಾಗ ದರ್ಜಿ ಭುಜ ನೋಡುತ್ತಾನೆ, ಎದೆ ನೋಡುತ್ತಾನೆ, ಮುಖ ನೋಡುವುದಿಲ್ಲ. ಆದರೆ ಅಂಗಿ ತೊಟ್ಟು ಅವನು ನನ್ನ ಗೋಡೆಗನ್ನಡಿಯ ಮುಂದೆ ನಿಂತಿರಬೇಕು. ಅವನ ಹಿಂದೆ ನಾನೂ ನಿಂತಿದ್ದಿರಬೇಕು. ಕನ್ನಡಿಯಲ್ಲಿ ಅವನಿಗೆ ಏನು ಕಂಡಿತ್ತು? ಎಷ್ಟು ನೆನಪು ಕೆದಕಿದರೂ ಅಂಥ ಒಂದು ಮುಖ ನನಗೆ ನೆನಪಾಗಲಿಲ್ಲ.

ಆ ವರ್ಷ ಕಳೆದು ಮತ್ತೆ ಬೇಸಿಗೆ ಬಂದಿತ್ತು. ಸಂತೆಯ ದಿನ ಒಬ್ಬ ಹೆಂಗಸು ಕಟ್ಟೆಯ ಮುಂದೆ ನಿಂತು, “ಸಾಬಣ್ಣಾ, ಕೂಸಿಗೆ ಅಂಗಿ ಕುಲಾಯಿ ಹೊಲದು ಕೊಡ್ತೀ ಏನಪಾ?” ಎಂದಳು. ತಲೆ ಎತ್ತಿದೆ. ಅದೇ ತಾಯಿ. ನನ್ನ ಕೈಯಲ್ಲಿದ್ದ ಸೂಜಿ ಜಾರಿತು. ಆಕೆಯೇ ಬಗ್ಗಿ ಮಣ್ಣಿನಿಂದ ಹೆಕ್ಕಿ ಕೊಟ್ಟಳು. ಕಣ್ಣು ಅಷ್ಟು ಚುರುಕಾಗಿತ್ತು. ನನ್ನ ಮುಖವನ್ನು ನೇರವಾಗಿ ನೋಡಿದಳು. ಗುರುತು ಹಿಡಿಯಲಿಲ್ಲ.

ಬಟ್ಟೆ ಅಳೆಯುವಷ್ಟರಲ್ಲಿ ತಾನಾಗಿ ಮಾತು ತೆಗೆದಳು. “ಮೊಮ್ಮಗಗ ವರ್ಷ ತುಂಬಾಕ ಬಂತು. ಅವರಪ್ಪ ಇಲ್ಲ, ಹಾವು ಕಡಿದು ಹೋದ. ಉರಿ, ಉರಿ ಅಂತ ಒದರಿಕೋತನ ಹೋದ. ಆದರ ಮೂರನೇ ದಿನ ಬಂದಿದ್ದನಪಾ. ಊರ ಮಂದಿ ಎಲ್ಲಾ ನೋಡ್ಯಾರ. ಉಂಡ. ಉರಿ ಹೋಗೈತಿ ಯವ್ವಾ ಅಂದ. ಅವತ್ತಿನಿಂದ ನನಗ ನಿದ್ದಿ ಬರತೈತಿ.”

ಅದು ನಾನೇ ಎಂದು ಹೇಳಲು ಬಾಯಿ ತೆರೆದೆ. ಆಕೆಯ ಮುಖದ ಸಮಾಧಾನ ನೋಡಿ ಮುಚ್ಚಿಕೊಂಡೆ. “ಚಲೋ ಆತು ಬಿಡವ್ವಾ” ಎಂದಷ್ಟೇ ಹೇಳಿದೆ. ಸಂತೆ ಮುಗಿಯುವ ಹೊತ್ತಿಗೆ ಅಂಗಿ, ಕುಲಾಯಿ ಹೊಲಿದು ಕೊಟ್ಟೆ. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ನಗುತ್ತಾ ಮಡಿಚಿಕೊಂಡು ಹೋದಳು.

ಈಗ ನನಗೆ ವಯಸ್ಸಾಗಿದೆ. ಮಷೀನು ಮಗನ ಕೈಗೆ ಹೋಗಿದೆ. ಅವತ್ತು ಆ ಪಡಸಾಲೆಯಲ್ಲಿ ನಾನು ಒಂದು ಸುಳ್ಳು ಹೇಳಿದೆ ಎಂದು ಕೆಲವೊಮ್ಮೆ ಅನಿಸುತ್ತದೆ. ಆ ಮಾತು ಆಡಿದ್ದೇ ನಾನಲ್ಲ ಎಂದೂ ಅನಿಸುತ್ತದೆ. ಇದರಲ್ಲಿ ಯಾವುದು ನಿಜವೋ ನನಗೆ ತಿಳಿಯದು. ಆದರೆ ಒಂದು ರೂಢಿ ಮಾತ್ರ ನನ್ನಲ್ಲಿ ಉಳಿದುಬಿಟ್ಟಿದೆ. ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಯಾರಾದರೂ ಗುರುತು ತಪ್ಪಿ ನನ್ನನ್ನು ಬೇರೆ ಹೆಸರಿನಿಂದ ಕೂಗಿದರೆ, ನಾನು ಕೂಡಲೇ ‘ಅಲ್ಲ’ ಎನ್ನುವುದಿಲ್ಲ. ಅವರು ಏನು ಕೇಳಲು ಬಂದಿದ್ದಾರೋ ಎಂದು ಒಂದು ಗಳಿಗೆ ನಿಲ್ಲುತ್ತೇನೆ.