ಹದಿನೇಳನೇ ಪ್ರಶ್ನೆ

ನಿನ್ನೆ ಸಂಜೆ ಫಾರಂಗಳ ಕಟ್ಟು ಬಿಚ್ಚಿ ಒದರಿದಾಗ ಮೇಜಿನ ಮೇಲೆ ಒಂದಿಷ್ಟು ರಬ್ಬರಿನ ಪುಡಿ ಉದುರಿತು. ಹಣ್ಣಿನ ವಾಸನೆಯ ರಬ್ಬರು. ಹದಿನೆಂಟು ದಾಟಿದ ಹುಡುಗಿಯರು ಇನ್ನೂ ಇಂಥ ರಬ್ಬರು ಕೊಳ್ಳುತ್ತಾರಲ್ಲ ಎಂದು ನಗು ಬಂತು. ಮರುಗಳಿಗೆಯೇ ನನ್ನದೇ ಹಳೆಯ ರಬ್ಬರೊಂದು ನೆನಪಾಯಿತು.

ನಾನು ಕೆ.ಆರ್. ಪೇಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ನಮ್ಮ ಕೊನೆಯ ವರ್ಷದ ಹುಡುಗಿಯೊಬ್ಬಳು ಮೊದಲ ವರ್ಷದವರಿಗೆ ಏಳು ದಿನ ನಗೆ ಚಿಕಿತ್ಸೆ ಮಾಡಿಸಿ, ಅವರ ಒತ್ತಡ ಎಷ್ಟು ಇಳಿಯಿತೆಂದು ಪ್ರಾಜೆಕ್ಟ್ ಬರೆಯುತ್ತಿದ್ದಾಳೆ. ಫಾರಂಗಳು ಅದರವು.

ನಗೆ ಚಿಕಿತ್ಸೆಯನ್ನು ನೀವು ನೋಡಿದ್ದೀರೋ ಇಲ್ಲವೋ. ಸುತ್ತಲೂ ನಿಂತು ಚಪ್ಪಾಳೆ ತಟ್ಟುತ್ತ 'ಹೊ ಹೊ, ಹ ಹ ಹ' ಎನ್ನಬೇಕು. ನಗಲು ಕಾರಣ ಇರಕೂಡದು. ನಾನಿದನ್ನು ಕಲಿತದ್ದು ಹನ್ನೊಂದು ವರ್ಷದ ಹಿಂದೆ, ಪಾಂಡವಪುರದ ಹಾಸ್ಟೆಲಿನ ತಾರಸಿಯಲ್ಲಿ. ಬೆಳಿಗ್ಗೆ ಆರೂವರೆಗೆ, ಒಣಹಾಕಿದ ಬಿಳಿ ಸಾಕ್ಸುಗಳ ನಡುವೆ, ಸೀನಿಯರ್ ರತ್ನಕ್ಕ ತನ್ನ ಪ್ರಾಜೆಕ್ಟಿಗಾಗಿ ನಮ್ಮನ್ನು ನಗಿಸುತ್ತಿದ್ದಳು. ನಾಲಿಗೆ ಚಾಚಿದರೆ ಸಿಂಹದ ನಗೆ. ಇಲ್ಲದ ಮಜ್ಜಿಗೆಯನ್ನು ಇಲ್ಲದ ಲೋಟಕ್ಕೆ ಸುರಿದು, ಕುಡಿದಂತೆ ಮಾಡಿ ನಕ್ಕರೆ ಮಜ್ಜಿಗೆ ನಗೆ. ಒಂದು ದಿನ ಎದುರು ಮನೆಯಲ್ಲಿ ಹಾಲು ಕರೆಯುತ್ತಿದ್ದ ಯಜಮಾನರು ತಲೆಯೆತ್ತಿ ಕೂಗಿದರು: "ಏನ್ರವ್ವ ನಿಮ್ ಗೋಳು? ಅಸ ಬೆದ್ರಿ ಆಲೇ ಬುಡ್ತಿಲ್ಲ!" ಆ ಏಳು ದಿನಗಳಲ್ಲಿ ನಾವು ಮನಸಾರೆ ನಕ್ಕಿದ್ದು ಆಗ ಮಾತ್ರ ಅನ್ನಿಸುತ್ತದೆ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅಕ್ಕಿಹೆಬ್ಬಾಳಿನ ಸವಿತಾ, ನನ್ನ ರೂಮಿನವಳು. ರತ್ನಕ್ಕ ಅವಳನ್ನೇ ನಡುವೆ ನಿಲ್ಲಿಸುತ್ತಿದ್ದಳು. ನನ್ನ ನಗುವೋ, ಗಂಟಲಲ್ಲಿ ಸಿಕ್ಕಿಕೊಂಡ ಮುದ್ದೆ. ಅವಳನ್ನು ಕಂಡರೆ ನನಗೆ ಸಣ್ಣದಾಗಿ ಹೊಟ್ಟೆಕಿಚ್ಚು ಸಹ ಇತ್ತು, ಸುಳ್ಳೇಕೆ ಹೇಳಲಿ.

ಶುರುವಿಗೆ ಮುಂಚೆ ತುಂಬಿದ್ದ ಫಾರಂ ಎಂಟನೆಯ ದಿನ ಮತ್ತೆ ಬಂತು. ಮೂವತ್ತು ಪ್ರಶ್ನೆ, ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಯಾರೂ ಹೇಳಿಕೊಡದಿದ್ದರೂ ಹಾಸ್ಟೆಲಿನಲ್ಲಿ ಒಂದು ಕಟ್ಟಳೆಯಿತ್ತು. ನಗುವ ಮುಂಚಿನ ಫಾರಂನಲ್ಲಿ ಕಷ್ಟ ಜಾಸ್ತಿ ತೋರಿಸಬೇಕು, ನಕ್ಕ ಮೇಲಿನದರಲ್ಲಿ ಕಡಿಮೆ ತೋರಿಸಬೇಕು. ಇಲ್ಲದಿದ್ದರೆ ಪಾಪ, ಸೀನಿಯರ್ ಅಕ್ಕನ ಗತಿ? ಹದಿನೇಳನೇ ಪ್ರಶ್ನೆ ಹೀಗಿತ್ತು: ಸುತ್ತ ಜನರಿದ್ದರೂ ಒಂಟಿ ಅನ್ನಿಸುತ್ತದೆಯೇ? ಸವಿತಾ 'ಯಾವಾಗಲೂ' ಎಂಬಲ್ಲಿ ಗುರುತು ಹಾಕಿದ್ದಳು.

"ಇದೇನಮ್ಮಿ? ಏಳ್ ದಿನ ಅಂಗ್ ನಕ್ಬುಟ್ಟು ಇಂಗ್ ಬರ್ದಿದ್ದೀಯ?"

"ಅಂಗೇ ಅನ್ಸೋದು ಕಣೆ."

"ರತ್ನಕ್ಕನ ಪ್ರಾಜೆಕ್ಟ್ ಕೆಟ್ಟೋಯ್ತದೆ, ಅಳಿಸಾಕು."

ಅವಳು ಪೆನ್ಸಿಲ್ ಹಿಡಿದುಕೊಂಡು ಸುಮ್ಮನೆ ಕುಳಿತಳು. ನಾನೇ ನನ್ನ ರಬ್ಬರು ತೆಗೆದು ಅಳಿಸಿ, 'ಎಂದೂ ಇಲ್ಲ' ಎಂಬಲ್ಲಿ ಗುರುತು ಹಾಕಿದೆ. "ಆಯ್ತು ಬುಡು" ಎಂದು ಅವಳು ನಕ್ಕಳು. ಅದು ಮಜ್ಜಿಗೆ ನಗೆ ಎಂದು ಆಗ ನನಗೆ ಹೊಳೆಯಲಿಲ್ಲ. ಒಂದು ಉಪಕಾರ ಮಾಡಿದ ಸಮಾಧಾನದಲ್ಲಿದ್ದೆ.

ಮುಂದಿನ ಸೋಮವಾರ ವಾರ್ಡಿನಿಂದ ಊಟಕ್ಕೆ ಬಂದಾಗ ಅವಳ ಮಂಚದ ಮೇಲೆ ಸುತ್ತಿಟ್ಟ ಹಾಸಿಗೆ ಮಾತ್ರ ಇತ್ತು. ಅಪ್ಪ ಬಂದು ಕಾಲೇಜು ಬಿಡಿಸಿ ಕರೆದುಕೊಂಡು ಹೋಗಿದ್ದರು. ವಾರ್ಡನ್ ಅಮ್ಮ ಕೇಳಿದರು: "ದಿನಾ ನಲ್ಲಿ ಬುಟ್ಕೊಂಡು ಬಚ್ಚಲಲ್ಲಿ ಅಳ್ತಿತ್ತಂತೆ ಆ ಮಗ. ಒಂದೇ ರೂಮಲ್ಲಿದ್ದೋಳು, ನಿಂಗ್ ಗೊತ್ತಿರ್ನಿಲ್ವ?"

ಇಲ್ಲ ಅಂದೆ.

ರತ್ನಕ್ಕನಿಗೆ ಒಳ್ಳೆಯ ಮಾರ್ಕ್ಸು ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸವಿತಾಳ ಫೋನು ಮಾತ್ರ ಮತ್ತೆ ಸಿಗಲೇ ಇಲ್ಲ. ಅಕ್ಕಿಹೆಬ್ಬಾಳಿನ ಮೇಲೆ ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ ಲೆಕ್ಕವಿಲ್ಲ, ಒಮ್ಮೆಯೂ ಇಳಿಯಲಿಲ್ಲ. ಇಳಿದು ಏನೆಂದು ಹೇಳಲಿ?

ಈಗ ನಾನೂ ಇಲ್ಲೊಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಕಾಲೇಜಿನಲ್ಲಿ ನಾನು ನಗುಮುಖದ ಮಿಸ್. ಮನೆಗೆ ಬಂದು ಒಂದು ಹಿಡಿ ಅಕ್ಕಿ ಕುಕ್ಕರಿಗೆ ಹಾಕಿದ ಮೇಲೆ ಬೆಳಗಿನವರೆಗೆ ನನ್ನ ದನಿ ನನಗೇ ಕೇಳುವುದಿಲ್ಲ. ತುಂಬ ಒಂಟಿ ಅನ್ನಿಸುತ್ತದೆ. ಇದನ್ನು ನಿನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ನಿನ್ನೆ ಫಾರಂಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಲ್ಲವೂ ನಗುನಗುತ್ತಿದ್ದವು. ಆದರೆ ಕೆಲವುಗಳ ಹದಿನೇಳನೇ ಪ್ರಶ್ನೆಯ ಎದುರು ಅಳಿಸಿದ ಪೆನ್ಸಿಲಿನ ತಗ್ಗು ಹಾಗೇ ಉಳಿದಿತ್ತು. ಫಾರಂನಲ್ಲಿ ಹೆಸರಿರುವುದಿಲ್ಲ, ನಂಬರು ಅಷ್ಟೇ. ಯಾರನ್ನು ಕರೆದು ಕೇಳುವುದು?

ಇವತ್ತು ಬೆಳಿಗ್ಗೆ ಮೊದಲ ವರ್ಷದ ಕ್ಲಾಸಿಗೆ ಹೋಗಿ, ಪ್ರಾಜೆಕ್ಟಿನ ಹುಡುಗಿಯನ್ನೂ ಕೂರಿಸಿಕೊಂಡು, ಖಾಲಿ ಫಾರಂ ಒಂದನ್ನು ಗಟ್ಟಿಯಾಗಿ ಓದುತ್ತ ನಾನೇ ತುಂಬಿದೆ. ಪೆನ್ನಿನಲ್ಲಿ. "ಹದಿನೇಳು. ಸುತ್ತ ಜನರಿದ್ದರೂ ಒಂಟಿ ಅನ್ನಿಸುತ್ತದೆಯೇ? ಯಾವಾಗಲೂ." ಆಮೇಲೆ ಸವಿತಾಳ ಕಥೆ ಹೇಳಿದೆ, ನನ್ನ ರಬ್ಬರಿನ ಸಮೇತ.

"ಮಿಸ್, ನನ್ ಪ್ರಾಜೆಕ್ಟು..." ಎಂದಳು ಆ ಹುಡುಗಿ, ಅಳುಮುಖ ಮಾಡಿ.

"ಕೆಟ್ರೆ ಕೆಡ್ಲಿ ಬುಡವ್ವ. ಇದ್ದುದ್ದ್ ಇದ್ದಂಗೆ ಬರಿ. ಬಯ್ಯೋರ್ ಬಂದ್ರೆ ನಾನಿವ್ನಿ."

ಗಂಟೆ ಹೊಡೆಯಿತು. ಎಲ್ಲರೂ ಹೋದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಬಂದು ನಿಂತಳು. ಈ ಏಳು ದಿನ ನಮ್ಮ ಕಾಲೇಜಿನ ತಾರಸಿಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು.

"ಮಿಸ್, ಒಂಬತ್ತನೇ ನಂಬರ್ ಫಾರಂ ನಂದು. ಒಸಿ ಕೊಡ್ತೀರಾ? ಒಂದ್ ತಪ್ ಬರ್ದಿವ್ನಿ."

ಕೊಟ್ಟೆ, ಜೊತೆಗೆ ನನ್ನ ಪೆನ್ನನ್ನೂ. ಅವಳು ಕುಳಿತು ಹದಿನೇಳನೇ ಪ್ರಶ್ನೆಯನ್ನೇ ನೋಡುತ್ತಿದ್ದಳು. ಪೆನ್ನು ಅಲ್ಲಾಡಲಿಲ್ಲ.

"ನೀವೂ ಒಸಿ ಕೂತ್ಕಳಿ ಮಿಸ್" ಎಂದಳು.

ಬೆಂಚಿನ ಮೇಲಿದ್ದ ಬ್ಯಾಗು ಸರಿಸಿ, ಅವಳ ಪಕ್ಕದಲ್ಲಿ ಕುಳಿತೆ.